ಗಾಜಿನ ಕಪಾಟಿನ ಪುಸ್ತಕಗಳು ಆಟಿ ತಿಂಗಳು ದಾಟಬೇಕಾದರೆ

ಮಂಗಳೂರಿನ ಹೊಸ ಮನೆಯ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಕಪಾಟು ಮಾಡಿಸಬೇಕು, ಬಂದವರಿಗೆ ‘ಓದುವವರ ಮನೆ’ ಅನಿಸಬೇಕು, ಆಟಿಯ, ಅಂದರೆ ಜುಲೈ-ಆಗಸ್ಟ್ ನಡುವಿನ ಮಳೆಗೆ ಬೂಷ್ಟು ಹಿಡಿಯಬಾರದು, ಏನು ಮಾಡಲಿ ಎಂದು ಕೇಳಿದ್ದೀರಿ. ಆಸೆಯೇನೂ ತಪ್ಪಲ್ಲ. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದ ಊರು ಇದು, ದಪ್ಪ ಪುಸ್ತಕಕ್ಕೆ ಇಲ್ಲಿ ಮರ್ಯಾದೆ ಹಳೆಯದು. ಆದರೆ ನೋಟಕ್ಕೆಂದು ಮಾಡಿಸಿದ ಕಪಾಟಿಗೇ ಮೊದಲು ಬೂಷ್ಟು ಬರುವುದು. ಅದರ ಬಾಗಿಲನ್ನು ಯಾರೂ ತೆಗೆಯುವುದಿಲ್ಲವಲ್ಲ!

ಗಾಳಿಯ ತೇವಾಂಶ ಶೇ 70 ದಾಟಿ ಕೆಲವು ದಿನ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹತ್ತುತ್ತದೆ. ಜುಲೈಯಲ್ಲಿ ಇಲ್ಲಿ ಶೇ 85ಕ್ಕಿಂತ ಮೇಲೆಯೇ ಇರುತ್ತದೆ. ಬಾಗಿಲಿನ ಸಂದಿಯಲ್ಲಿ ತೇವ ಒಳಗೆ ಹೋಗಿಯೇ ಹೋಗುತ್ತದೆ. ಗಾಜು ತಡೆಯುವುದು ಗಾಳಿ ಆಡುವುದನ್ನು ಮಾತ್ರ.

ಆಚಾರಿಗೆ ಮೊದಲೇ ಹೇಳಿ: ಆಳ 9 ಇಂಚು ಸಾಕು. ಕನ್ನಡದ ಹೆಚ್ಚಿನ ಪುಸ್ತಕಗಳು ಡೆಮಿ 1/8 ಅಳತೆಯವು, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಬಟ್ಟೆಯ ಕಪಾಟಿನ ಲೆಕ್ಕದಲ್ಲಿ 18 ಇಂಚು ಆಳ ಮಾಡಿದರೆ ನೀವು ಎರಡು ಸಾಲು ಇಡುತ್ತೀರಿ, ಹಿಂದಿನ ಸಾಲು ಕಣ್ಣಿಗೆ ಬೀಳದೆ ಕೊಳೆಯುತ್ತದೆ. 18 ಮಿ.ಮೀ. ಪ್ಲೈವುಡ್ ಹಲಗೆ ಮೂರು ಅಡಿಗಿಂತ ಉದ್ದವಿದ್ದರೆ ಪುಸ್ತಕದ ಭಾರಕ್ಕೆ ನಡುವೆ ಬಾಗುತ್ತದೆ, ಅಲ್ಲಿಗೊಂದು ಆಧಾರ ಬೇಕು. ಕೆಂಪುಕಲ್ಲಿನ ಗೋಡೆ ನೀರು ಹೀರುತ್ತದೆ, ಪಡುವಣದ ಗೋಡೆಗಂತೂ ಮಳೆ ನೇರ ಹೊಡೆತ. ಆ ಗೋಡೆ ಬೇಡ. ಯಾವ ಗೋಡೆಯಾದರೂ ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ 2 ಇಂಚು ಬಿಡಿ. ಕೆಳಗಿನ ಹಲಗೆ ನೆಲದಿಂದ 6 ಇಂಚು ಮೇಲಿರಲಿ. ಬೆನ್ನಿನ ಹಲಗೆಗೆ ಮೇಲೂ ಕೆಳಗೂ ತೂತು ಕೊರೆಸಿ ಜಾಳಿಗೆ ಹೊಡೆಸಿದರೆ ಗಾಳಿಗೆ ದಾರಿಯಾಗುತ್ತದೆ.

ತಮಾಷೆಯೆಂದರೆ, ಮೊದಲು ಹಾಳಾಗುವುದೂ ಪ್ರತಿಷ್ಠೆಯ ಪುಸ್ತಕಗಳೇ. ದೊಡ್ಡ ದೊಡ್ಡ ಫೋಟೊಗಳಿರುವ ದುಬಾರಿ ಪುಸ್ತಕಗಳು ಆರ್ಟ್ ಪೇಪರಿನವು. ಆ ಹೊಳಪು ಕಾಗದದ ಮೇಲೆ ಬಳಿದ ಜೇಡಿಯದು. ಅದು ಒದ್ದೆಯಾಗಿ ಒಣಗಿತೋ, ಪುಟಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ನೀರು ಬಿದ್ದರೆ ಒಣಗುವ ಮೊದಲೇ ಪುಟ ಪುಟ ಬಿಡಿಸಬೇಕು. ಲ್ಯಾಮಿನೇಶನ್ ಮಾಡಿದ ರಕ್ಷಾಪುಟ ಹೊರಗೆ ಸುರುಳಿಯಾಗುವುದಕ್ಕೂ ತೇವವೇ ಕಾರಣ: ಒಳಮೈಯ ಕಾಗದ ತೇವ ಕುಡಿದು ಹಿಗ್ಗುತ್ತದೆ, ಹೊರಗಿನ ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ‘ಹೊಸದಾಗಿಯೇ ಇರಲಿ’ ಎಂದು ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಇಡುವವರಿದ್ದಾರೆ. ಒಳಗೆ ಸೇರಿದ ತೇವ ಅಲ್ಲೇ ಉಳಿಯುತ್ತದೆ, ಬಿಚ್ಚಿ. ಓದುವ ನೆಂಟ ಬಂದರೆ ಚಿನ್ನದ ಅಕ್ಷರ ನೋಡುವುದಿಲ್ಲ, ಬೆನ್ನಿನ ಮೇಲೆ ಮಡಿಕೆಯ ಗೆರೆ ಬಿದ್ದಿದೆಯೇ ಎಂದು ನೋಡುತ್ತಾನೆ.

ನುಸಿಗುಳಿಗೆಯಿಂದ (ನ್ಯಾಫ್ತಲಿನ್ ಗುಂಡು) ಹುಳ ದೂರವಿದ್ದೀತು, ಬೂಷ್ಟು ನಿಲ್ಲುವುದಿಲ್ಲ. ಹಸುಗೂಸು ಇರುವ ಮನೆಯಲ್ಲಿ ಅದು ಬೇಡವೇ ಬೇಡ. ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣಗಳೂ ಲೆಕ್ಕಕ್ಕಿಲ್ಲ. 100 ಗ್ರಾಂ ಜೆಲ್ ಹೀರುವುದು ಹೆಚ್ಚೆಂದರೆ 40 ಗ್ರಾಂ ನೀರು, ಸಂದಿಯಿರುವ ಕಪಾಟಿನಲ್ಲಿ ಕೆಲವೇ ದಿನದಲ್ಲಿ ಅದರ ಕೆಲಸ ಮುಗಿಯುತ್ತದೆ. ಅಪರೂಪದ ನಾಲ್ಕು ಪುಸ್ತಕಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡುವುದಾದರೆ ಮಾತ್ರ ಉಪಯೋಗ. ಬೆಳ್ಳಿಹುಳ ಹುಡುಕಿ ಬರುವುದು ಮೈದಾ ಅಂಟಿಗೆ, ಅದಕ್ಕೇ ಹಳೆಯ ಬೈಂಡರುಗಳು ಅಂಟಿಗೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುತ್ತಿದ್ದರು.

ಬೂಷ್ಟು ಬಂದಾಗ ಹೆಚ್ಚಿನವರು ಮಾಡುವ ತಪ್ಪು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅದು ಅಳಿಸಿ ಹೋಗುವುದಿಲ್ಲ, ಕಾಗದದ ಒಳಗೆ ಇಳಿಯುತ್ತದೆ. ಆ ಪುಸ್ತಕವನ್ನು ಬೇರೆ ಮಾಡಿ, ಬೂಷ್ಟು ಒಣಗಿ ಪುಡಿಯಾಗುವವರೆಗೆ ಒಣ ಜಾಗದಲ್ಲಿ ಇಡಿ. ಆಮೇಲೆ ಮಾಸ್ಕ್ ಹಾಕಿಕೊಂಡು ಜಗಲಿಗೆ ಒಯ್ದು, ಮೆದು ಬ್ರಷ್‌ನಲ್ಲಿ ಬೆನ್ನಿನ ಕಡೆಯಿಂದ ಅಂಚಿಗೆ ಗುಡಿಸಿ. ರಟ್ಟಿನ ಮೇಲೆ ಮಾತ್ರ, ಬಣ್ಣ ಬಿಡುವುದಿಲ್ಲವೆಂದು ಒಂದು ಮೂಲೆಯಲ್ಲಿ ನೋಡಿಕೊಂಡು, ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಬಹುದು.

ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಬಾಗಿಲು ಪೂರ್ತಿ ತೆಗೆದು ಫ್ಯಾನ್ ಹಾಕಿ. ನವರಾತ್ರಿಯ ಶಾರದಾ ಪೂಜೆಗೆ ಹೇಗೂ ಪುಸ್ತಕ ಕೆಳಗಿಳಿಯುತ್ತದೆ. ನಿಘಂಟು ಒಂದನ್ನೇ ಇಳಿಸಿ ಸುಮ್ಮನಾಗದೆ ಕಪಾಟು ಪೂರ್ತಿ ಖಾಲಿ ಮಾಡಿ. ಬೆನ್ನಿನ ಹಲಗೆಯಲ್ಲಿ ಒರಲೆಯ (ಗೆದ್ದಲಿನ) ಮಣ್ಣಿನ ಗೆರೆ ಇದೆಯೇ ನೋಡಿ. ಪುಸ್ತಕಗಳನ್ನು ನೆರಳಿನಲ್ಲಿ ಬಿಡಿಸಿ ನಿಲ್ಲಿಸಿ. ಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗುತ್ತದೆ, ಅಂಟು ಬಿಡುತ್ತದೆ. ಮತ್ತೆ ಜೋಡಿಸುವಾಗ ಬಿಗಿಯಾಗಿ ತುರುಕಬೇಡಿ, ಎರಡು ಬೆರಳಿನಲ್ಲಿ ಹಿಡಿದೆಳೆದರೆ ಪಕ್ಕದ್ದು ಅಲುಗದೆ ಹೊರಬರುವಷ್ಟು ಸಡಿಲವಿರಲಿ.