ಓದುಗರ ಪ್ರಶ್ನೆ: ಬಿಳಿ ಪಂಚೆಯಲ್ಲಿ ಎಷ್ಟು ಬಣ್ಣ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಾಶಾಲೆಯ ಮೇಷ್ಟ್ರು, ಮೇಡಂಗಳದ್ದೇ. ಹೊಸ ತರಗತಿಗಳು ಶುರುವಾಗಿವೆ ಅಂತ ಕಾಣುತ್ತದೆ. ನಾನು 31 ವರ್ಷ ಡ್ರಾಯಿಂಗ್, ಪೇಂಟಿಂಗ್ ಕಲಿಸಿದವಳು. ನಿವೃತ್ತಿಯಾದ ಮೇಲೂ ಕೈಗೆ ಇದ್ದಿಲು ಹತ್ತುವುದು ನಿಂತಿಲ್ಲ. ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇನೆ.

ಮೊದಲ ಪತ್ರ: ಬಿವಿಎ (ದೃಶ್ಯಕಲೆಯ ಪದವಿ) ಮೊದಲ ವರ್ಷಕ್ಕೆ ಪಾಠ ಮಾಡುತ್ತೇನೆ. ತರಗತಿಯಲ್ಲಿ 22 ಮಂದಿ. ಸ್ಟಿಲ್ ಲೈಫ್ ಜೋಡಿಸಿಟ್ಟರೆ ಎರಡು ಗಂಟೆಯಲ್ಲಿ ಮುಗಿಸಿ ಮೊಬೈಲ್ ಹಿಡಿಯುತ್ತಾರೆ. ಎಲ್ಲರ ಚಿತ್ರವೂ ಒಂದೇ ಥರ. ಹೂಜಿ, ಸೇಬು, ಹಿಂದೆ ನೀಲಿ ಬಟ್ಟೆ. ತಿಂಗಳಿಡೀ ನಡೆಯುವಂಥ ಒಂದು ಪ್ರಾಜೆಕ್ಟ್ ಹೇಳುತ್ತೀರಾ?
– ಉಪನ್ಯಾಸಕಿ, ದಾವಣಗೆರೆ

ಮೊದಲು ಆ ಸೇಬನ್ನು ಯಾರಿಗಾದರೂ ತಿನ್ನಲು ಕೊಡಿ. ನೀಲಿ ಬಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ನಿಮ್ಮ ಮಕ್ಕಳು ಅದನ್ನು ನೋಡಿ ಬರೆಯುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾರೆ. ಸೇಬು ಕೆಂಪು, ಬಟ್ಟೆ ನೀಲಿ, ನೆರಳು ಕಪ್ಪು. ಮುಗೀತು.

ಬಾಯಿಪಾಠ ಕೆಲಸಕ್ಕೆ ಬಾರದಂಥ ವಸ್ತು ಇಡಿ. ನಾನು ಇಡುತ್ತಿದ್ದದ್ದು ನಾಲ್ಕು ಕೋಳಿಮೊಟ್ಟೆ, ಅಂಚು ಒಡೆದ ಬಿಳಿ ಪಿಂಗಾಣಿ ಕಪ್, ಒಂದು ಎನಾಮಲ್ ತಟ್ಟೆ, ಕೆಳಗೆ ಹಾಸಲು ಹಳೆಯ ಬಿಳಿ ಪಂಚೆ. ಹಿಂದೆ ಸುಣ್ಣದ ಗೋಡೆ. ಎಲ್ಲವೂ ಬಿಳಿ. ಟ್ಯೂಬ್‌ಲೈಟ್ ಆರಿಸಿ, ಒಂದೇ ಕಿಟಕಿಯ ಬೆಳಕು ಸಾಕು. ಡಾಂಕಿಗಳ (ಕೂತು ಚಿತ್ರ ಬರೆಯುವ ಬೆಂಚುಗಳ) ಕಾಲು ಎಲ್ಲಿವೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಬಿಡಿ. ತಿಂಗಳು ಪೂರ್ತಿ ಯಾರೂ ಜಾಗ ಬದಲಿಸುವ ಹಾಗಿಲ್ಲ. ಗುಡಿಸುವವರಿಗೂ ಒಂದು ಮಾತು ಹೇಳಿಡಿ, ಇಲ್ಲದಿದ್ದರೆ ಮರುದಿನ ಪಂಚೆ ಮಡಚಿ ಇಟ್ಟಿರುತ್ತಾರೆ. ಇನ್ನೊಂದು, ಮೊಟ್ಟೆಗೆ ಸೂಜಿಯಿಂದ ಎರಡೂ ಕಡೆ ತೂತು ಮಾಡಿ, ಊದಿ ಖಾಲಿ ಮಾಡಿಡಿ. ಮೊದಲ ವರ್ಷ ನನಗೆ ಇದು ಹೊಳೆದಿರಲಿಲ್ಲ. ಹನ್ನೆರಡನೇ ದಿನ ಒಂದು ಮೊಟ್ಟೆ ಒಡೆಯಿತು. ಆ ವಾರ ನಮ್ಮ ತರಗತಿ ವರಾಂಡದಲ್ಲಿ ನಡೆಯಿತು.

ಮೊದಲ ವಾರ ಬಣ್ಣ ಮುಟ್ಟಿಸಬೇಡಿ. ನ್ಯೂಸ್‌ಪ್ರಿಂಟ್ ಹಾಳೆ, ಚಾರ್ಕೋಲ್, ಅಷ್ಟೇ. ಅರ್ಧ ನಿಮಿಷದ್ದು ಹತ್ತು, ಎರಡು ನಿಮಿಷದ್ದು ಹತ್ತು, ಆಮೇಲೆ ನಲವತ್ತು ನಿಮಿಷದ್ದು ಒಂದು. ಒಂದು ದಿನ ವಸ್ತುಗಳನ್ನೇ ಬಿಟ್ಟು, ಅವುಗಳ ನಡುವೆ ಉಳಿಯುವ ಸಂದಿಗಳನ್ನು ಮಾತ್ರ ಬರೆಯಲು ಹೇಳಿ. ಕಪ್‌ಗೂ ಮೊಟ್ಟೆಗೂ ನಡುವಿನ ಜಾಗಕ್ಕೂ ಒಂದು ಆಕಾರ ಇದೆಯಲ್ಲ, ಅದು.

ಎರಡನೇ ವಾರ ಬಣ್ಣ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಪುಕಂದು), ಯೆಲ್ಲೋ ಓಕರ್ (ಮಣ್ಣುಹಳದಿ), ಜೊತೆಗೆ ಬಿಳಿ. ಕಪ್ಪು ಟ್ಯೂಬುಗಳನ್ನೆಲ್ಲ ನಾನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಸಿ ನನ್ನ ಮೇಜಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ನೀಲಿಗೆ ಸಿಯೆನ್ನಾ ಸೇರಿಸಿದರೆ ಕಪ್ಪಿನ ಹತ್ತಿರಕ್ಕೇ ಬರುತ್ತದೆ. ಅದಕ್ಕೆ ಬಿಳಿ ಬೆರೆಸುತ್ತ ಹೋದರೆ ಬೂದುಬಣ್ಣದ ದೊಡ್ಡ ಸಂಸಾರವೇ ಹುಟ್ಟುತ್ತದೆ. ಕೆಲವು ತಣ್ಣಗೆ, ಕೆಲವು ಬೆಚ್ಚಗೆ. ಕಪ್ಪು ಟ್ಯೂಬಿನಿಂದ ಇದು ಸಿಗುವುದಿಲ್ಲ.

ಒಬ್ಬ ಹುಡುಗ ಎದ್ದು ನಿಂತು ಕೇಳಿಯೇಬಿಟ್ಟಿದ್ದ. "ಬಿಳಿಗೆ ಬಿಳೀನೇ ಅಲ್ವಾ ಮೇಡಂ, ಇನ್ನೇನು ಹಚ್ಚೋದು?" ಅವನ ಕೈಗೆ ಒಂದು ಬಿಳಿ ಕಾರ್ಡ್ ಕೊಟ್ಟೆ. ನಡುವೆ ಕಡಲೆಕಾಳಿನಷ್ಟು ತೂತು. ಒಂದು ಕಣ್ಣು ಮುಚ್ಚಿ, ಆ ತೂತಿನಲ್ಲಿ ಪಂಚೆಯ ಮಡಿಕೆ ನೋಡು ಅಂದೆ. ಕಿಟಕಿಯ ಕಡೆಗಿದ್ದ ನೆರಳು ಆಕಾಶದ ನೀಲಿ ಹೀರಿಕೊಂಡಿತ್ತು. ಪಂಚೆಯ ಅಂಚು ಮೇಜಿನಿಂದ ಇಳಿಬಿದ್ದು ನಮ್ಮ ಹಳೇ ರೆಡ್ ಆಕ್ಸೈಡ್ ನೆಲದ ಹತ್ತಿರ ಬಂದಿತ್ತಲ್ಲ, ಅಲ್ಲಿ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅವನು ಕಾರ್ಡ್ ಇಳಿಸಿದ, ಮತ್ತೆ ಎತ್ತಿದ. "ಅಯ್ಯೋ, ಇಲ್ಲಿ ಕೆಂಪು ಇದೆ ಮೇಡಂ." ಆವತ್ತು ಸಂಜೆ ಬಾಗಿಲು ಹಾಕಲು ವಾಚ್‌ಮನ್ ಬರುವವರೆಗೆ ಅವನು ಎದ್ದಿರಲಿಲ್ಲ. ಕಾರ್ಡ್ ಸುಮ್ನೆ ಒಂದು ಉಪಾಯ. ಅಕ್ಕಪಕ್ಕದ್ದನ್ನೆಲ್ಲ ಮರೆಮಾಡಿದರೆ 'ಇದು ಬಿಳಿ ಪಂಚೆ' ಅನ್ನುವ ತಿಳಿವಳಿಕೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಕಣ್ಣು ಮಾತಾಡುತ್ತದೆ.

ನಡುವೆ ಎರಡು ದಿನ ಕುಂಚಕ್ಕೆ ರಜೆ ಕೊಟ್ಟು ಬಣ್ಣದ ಕಾಗದ ಕತ್ತರಿಸಲು ಕೂರಿಸಿ. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ, ಆಮೇಲೆ ಯೇಲ್‌ನಲ್ಲಿ ಕಲಿಸಿದ ಜೋಸೆಫ್ ಆಲ್ಬರ್ಸ್ ಬಣ್ಣದ ಪಾಠವನ್ನು ಹೆಚ್ಚಾಗಿ ಕಾಗದದಲ್ಲೇ ಮಾಡಿಸುತ್ತಿದ್ದರು. ಒಂದೇ ತುಂಡನ್ನು ಎರಡು ಬೇರೆ ಹಿನ್ನೆಲೆಯ ಮೇಲಿಟ್ಟರೆ ಎರಡು ಬಣ್ಣದ ಹಾಗೆ ಕಾಣುತ್ತದೆ. ಒಂದೇ ಕಾಗದವನ್ನು ಕಣ್ಣೆದುರೇ ಕತ್ತರಿಸಿದ್ದರಿಂದ 'ಬಣ್ಣ ಬೆರೆಸುವಾಗ ತಪ್ಪಾಯಿತು' ಅನ್ನುವ ನೆಪವೂ ಉಳಿಯುವುದಿಲ್ಲ. ಅದಕ್ಕೆ ದುಬಾರಿ ಕಾಗದ ಬೇಡ. ನಾವು ಮದುವೆ ಕರೆಯೋಲೆ ಕತ್ತರಿಸುತ್ತಿದ್ದೆವು. ಅರಿಶಿನ, ಕುಂಕುಮ, ಗಿಳಿ ಹಸಿರು, ಎಲ್ಲ ಪುಕ್ಕಟೆ.

ಕೊನೆಯ ವಾರ ಒಂದೇ ಚಿತ್ರ. ಹಾಫ್ ಇಂಪೀರಿಯಲ್ ಹಾಳೆ, ಅಂದರೆ 15 × 22 ಇಂಚು. 22 ಜನ 22 ಜಾಗದಲ್ಲಿ ಕೂತು ಮೂರು ವಾರ ನೋಡಿದ ಮೇಲೆ ಚಿತ್ರಗಳು ಒಂದೇ ಥರ ಆಗುವುದು ಕಷ್ಟ.

ಕಿಟಕಿಯ ಬಗ್ಗೆ ಇನ್ನೊಂದು ಮಾತು. ಸ್ಟುಡಿಯೋಕ್ಕೆ ಉತ್ತರದ ಕಿಟಕಿ ಇರಬೇಕು, ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಬೆಳಕು ಕದಲುವುದಿಲ್ಲ ಅಂತ ಪುಸ್ತಕಗಳಲ್ಲಿ ಇರುತ್ತದೆ. ಅದು ಯುರೋಪಿನ ಮಾತು. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಯಿಂದಲೂ ಬಿಸಿಲು ಒಳಗೆ ಬರುತ್ತದೆ. ನಿಮ್ಮ ಪ್ರಾಜೆಕ್ಟ್ ಜುಲೈಯಲ್ಲಾದರೆ ಗಾಜಿಗೆ ಬಟರ್ ಪೇಪರ್ ಅಂಟಿಸಿ.

ನಾನು ಎರಡನೇ ವರ್ಷದ ವಿದ್ಯಾರ್ಥಿನಿ. ಪೋರ್ಟ್ರೇಟ್ ಬರೆಯುವಾಗ ನಮ್ಮ ಸರ್ ನನ್ನ ಹಾಳೆಯ ಮೇಲೇ ಕಣ್ಣು, ಮೂಗು ತಿದ್ದಿಬಿಡುತ್ತಾರೆ. ಚಿತ್ರ ಚೆನ್ನಾಗಿಯೇ ಆಗುತ್ತದೆ. ಆದರೆ ಮನೆಗೆ ತಂದ ಮೇಲೆ ಅದು ನನ್ನದು ಅನಿಸುವುದಿಲ್ಲ. ಅವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳಲಿ?
– ಹೆಸರು ಬೇಡ ಎಂದಿದ್ದಾರೆ, ಕಲಬುರಗಿ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ.

ನಾನೂ ಎರಡನೇ ವರ್ಷದಲ್ಲಿದ್ದೆ. ಹೂ ಮಾರುವ ಒಬ್ಬ ಅಜ್ಜಿ ಮಾಡೆಲ್ ಆಗಿ ಬಂದು ಕೂತಿದ್ದರು. ಹಲ್ಲಿಲ್ಲದ ಬಾಯಿ, ಒಳಗೆ ಹೋದ ದವಡೆ. ಆ ದವಡೆ ನನಗೆ ಸಿಗಲೇ ಇಲ್ಲ. ಬರೆದೆ, ಬ್ರೆಡ್ಡಿನ ತುಂಡಿನಿಂದ ಒರೆಸಿದೆ, ಬರೆದೆ, ಒರೆಸಿದೆ. ಹಾಳೆಯ ನಾರು ಎದ್ದಿತು. ನಮ್ಮ ಮೇಷ್ಟ್ರು ಒಳ್ಳೆಯ ಚಿತ್ರಕಾರರು, ಒಳ್ಳೆಯ ಮನುಷ್ಯರು ಕೂಡ. "ಏಳು" ಅಂದರು. ನನ್ನ ಡಾಂಕಿಯ ಮೇಲೆ ಕೂತು, ನನ್ನದೇ ಚಾರ್ಕೋಲ್ ಹಿಡಿದು ನಾಲ್ಕೈದು ನಿಮಿಷದಲ್ಲಿ ಅಜ್ಜಿಯನ್ನು ಎದ್ದು ಕೂರಿಸಿದರು. ವಾರ್ಷಿಕ ಪ್ರದರ್ಶನದಲ್ಲಿ ಬಾಗಿಲಿನ ಎದುರಿಗೇ ತೂಗು ಹಾಕಿದರು. ನಮ್ಮ ಅಪ್ಪ ಗದಗಿನ ಕಡೆಯ ಹಳ್ಳಿಯಿಂದ ಬಸ್ ಹತ್ತಿ ಬಂದು ಅದರ ಮುಂದೆ ನಿಂತರು. "ಇದನ್ನ ನೀ ತೆಗದೀಯೇನವಾ?" ಅಂತ ಕೇಳಿದರು. ನಾನು ಹೂಂ ಅಂದೆ.

ಆ ಹಾಳೆ ಈಗಲೂ ನನ್ನ ಟ್ರಂಕಿನಲ್ಲಿದೆ. ಅದರಲ್ಲಿ ನನ್ನದು ಅಂತ ಇರುವುದು ಬಲಗಿವಿ ಒಂದೇ.

ಅದಕ್ಕೇ ಕೆಲಸಕ್ಕೆ ಸೇರಿದಾಗ ಒಂದು ಕಟ್ಟು ಹಾಕಿಕೊಂಡೆ. ವಿದ್ಯಾರ್ಥಿಯ ಹಾಳೆಗೆ ಕೈ ಹಾಕುವುದಿಲ್ಲ. ತೋರಿಸಬೇಕಾದರೆ ನನ್ನ ಜೇಬಿನ ಚೀಟಿಯ ಮೇಲೆ ತೋರಿಸುತ್ತೇನೆ. ಹಿಂದೆ ಮೈಸೂರು ಶೈಲಿಯ ಚಿತ್ರ ಮಾಡುತ್ತಿದ್ದ ಮನೆಗಳಲ್ಲಿ ಗುರು ಶಿಷ್ಯರು ಒಂದೇ ಹಲಗೆಯ ಮೇಲೆ ಕೈಯಾಡಿಸಿದ್ದುಂಟು. ಅಲ್ಲಿ ಚಿತ್ರ ಆ ಮನೆಯದು, ಯಾರೂ ಅಂಕ ಹಾಕುತ್ತಿರಲಿಲ್ಲ. ತರಗತಿಯ ಲೆಕ್ಕ ಬೇರೆ.

ನೀನು ಹೀಗೆ ಮಾಡು. ಸರ್ ನಿನ್ನ ಸಾಲಿಗೆ ಬರುವ ಮೊದಲೇ ಹಾಳೆಯ ಮೇಲೆ ಒಂದು ಟ್ರೇಸಿಂಗ್ ಪೇಪರ್ ಕ್ಲಿಪ್ ಹಾಕಿಬಿಡು. "ಸರ್, ಇದರ ಮೇಲೆ ತೋರಿಸಿಕೊಡ್ತೀರಾ? ಆಮೇಲೆ ನೋಡಿಕೊಂಡು ಕಲೀತೀನಿ" ಅನ್ನು. ಇದಕ್ಕೆ ಬೇಜಾರಾಗುವ ಮೇಷ್ಟ್ರನ್ನು ನಾನು ಕಂಡಿಲ್ಲ. ಅವರು ನಿಂತುಕೊಂಡೇ ತಿದ್ದುತ್ತಿದ್ದರೆ, ಸ್ವಲ್ಪ ಕೂತು ನೋಡ್ತೀರಾ ಸರ್ ಅಂತಲೂ ಕೇಳು. ನಿಂತವರ ಕಣ್ಣು ನಿನ್ನ ಕಣ್ಣಿಗಿಂತ ಒಂದೂವರೆ ಅಡಿ ಮೇಲಿರುತ್ತದೆ. ಅವರಿಗೆ ಮಾಡೆಲ್‌ನ ನೆತ್ತಿ ಜಾಸ್ತಿ ಕಾಣುತ್ತದೆ, ಗಲ್ಲದ ಕೆಳಗಿನ ಭಾಗ ಕಡಿಮೆ ಕಾಣುತ್ತದೆ. ಅವರು ತಿದ್ದಿದ್ದು ಅವರ ನೋಟಕ್ಕೆ ಸರಿ, ನಿನ್ನ ನೋಟಕ್ಕೆ ತಪ್ಪು. ಎಷ್ಟೋ ಪೋರ್ಟ್ರೇಟುಗಳ ಕುತ್ತಿಗೆ ಸೊಟ್ಟ ಆಗುವುದು ಹೀಗೆ.

ಔಟ್‌ಡೋರ್ ಸ್ಕೆಚ್ 50 ಸಬ್‌ಮಿಟ್ ಮಾಡಬೇಕು. ಇಲ್ಲಿ ಬಿಡದೆ ಮಳೆ. ಫೋಟೋ ತೆಗೆದು ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಂಕವೂ ಬರುತ್ತಿದೆ. ತಪ್ಪಾ?
– ವಿದ್ಯಾರ್ಥಿ, ಮಂಗಳೂರು

ತಪ್ಪು ಅಂತ ಬೈಯುವುದಿಲ್ಲ. ಆದರೆ ನಷ್ಟ ಯಾರಿಗೆ ಅಂತ ನೀವೇ ನೋಡಿಕೊಳ್ಳಿ. ಮೀನು ಮಾರ್ಕೆಟಿಗೆ ಹೋಗಿ ಟಾರ್ಪಾಲಿನ ಕೆಳಗಿನ ನೆರಳನ್ನು ಫೋಟೋ ತೆಗೆಯಿರಿ. ಪರದೆಯ ಮೇಲೆ ಅದು ಬಹುಪಾಲು ಕಪ್ಪು ಮುದ್ದೆ. ಅಲ್ಲೇ ಎರಡು ನಿಮಿಷ ನಿಂತರೆ ಆ ಕತ್ತಲೊಳಗೆ ಬುಟ್ಟಿ, ಐಸು, ಮಾರುವವರ ಮೊಣಕೈ ಒಂದೊಂದಾಗಿ ಕಾಣತೊಡಗುತ್ತವೆ. ಇನ್ನು ಹತ್ತಿರ ನಿಂತು ತೆಗೆದರೆ ಮುಂದಿನ ಬುಟ್ಟಿ ತೊಟ್ಟಿಲಿನಷ್ಟು, ಹಿಂದಿನ ಮನುಷ್ಯ ಗೊಂಬೆಯಷ್ಟು.

ಮಳೆಗೆ ಔಷಧ ಬಸ್ ಸ್ಟ್ಯಾಂಡ್. ಸೂರು ಇದೆ, ಜನ ಇದ್ದಾರೆ, ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಪೆನ್ಸಿಲ್ ಬೇಡ, ಬಾಲ್ ಪೆನ್ ತೆಗೆದುಕೊಂಡು ಹೋಗಿ. ಅಳಿಸಲು ಬರುವುದಿಲ್ಲ ಅಂತ ಗೊತ್ತಾದರೆ ಕಣ್ಣು ಚುರುಕಾಗುತ್ತದೆ. ನಿಮ್ಮ ಕರಾವಳಿಯವರೇ ಆದ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಹುಡುಕಿ ನೋಡಿ. ನರ್ತಕಿ ತಿರುಗುವುದನ್ನು ಕೆಲವೇ ಗೆರೆಗಳಲ್ಲಿ ಹಿಡಿದಿದ್ದಾರೆ. ಮೊದಲ 20 ಸ್ಕೆಚ್ ಕೆಟ್ಟದಾಗಿ ಬರುತ್ತವೆ. ಅವನ್ನೂ ಸಬ್‌ಮಿಟ್ ಮಾಡಿ.

ಪ್ರಾಜೆಕ್ಟಿಗೆ ಇಂಟರ್ನಲ್ ಅಂಕ ಹಾಕುವಾಗ ಪ್ರತಿ ಸಲ ಜಗಳ. ನೀವು ಹೇಗೆ ಹಾಕುತ್ತಿದ್ದಿರಿ?
– ಅಧ್ಯಾಪಕ, ವಿಜಯಪುರ

ಅರ್ಧ ಕೊನೆಯ ಚಿತ್ರಕ್ಕೆ, ಅರ್ಧ ಅದಕ್ಕೆ ಮುಂಚಿನ ರಫ್‌ಗಳಿಗೆ. ಎಲ್ಲವನ್ನೂ ತಾರೀಖಿನ ಪ್ರಕಾರ ಗೋಡೆಗೆ ಅಂಟಿಸಬೇಕು, ಮುದ್ದೆ ಮಾಡಿ ಎಸೆದದ್ದನ್ನೂ ಬಿಡಿಸಿ ಅಂಟಿಸಬೇಕು. ಎಂಟನೇ ದಿನದಿಂದ ಹತ್ತೊಂಬತ್ತನೇ ದಿನಕ್ಕೆ ಏನು ಬದಲಾಯಿತು ಅಂತ ಗೋಡೆಯೇ ಹೇಳುತ್ತದೆ. ಅಂಕ ಬರೆಯುವ ಮೊದಲು ಪ್ರತಿಯೊಬ್ಬರಿಗೂ ಐದು ನಿಮಿಷ ಮಾತಾಡಲು ಬಿಡಿ. ಅಂಗಡಿಯವನ ಕೈಲಿ ಬರೆಸಿಕೊಂಡು ಬಂದವರು ಮೂರನೇ ನಿಮಿಷಕ್ಕೆ ಸಿಕ್ಕಿಬೀಳುತ್ತಾರೆ.

ಮಗಳು ಮೂರನೇ ವರ್ಷ. ತರಗತಿ ಬಿಟ್ಟು ಚಿತ್ರಸಂತೆಗೆ ಮಾರಲು ಗಣಪತಿ, ಬುದ್ಧ ಬರೆಯುತ್ತಿದ್ದಾಳೆ. ಏನು ಹೇಳಲಿ?
– ಒಬ್ಬ ತಂದೆ, ತುಮಕೂರು

ಹೋಗಲಿ ಬಿಡಿ. ಜನವರಿಯಲ್ಲಿ ಚಿತ್ರಸಂತೆ ನಡೆಯುವ ಒಂದು ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕೂತರೆ ಜನ ಚಿತ್ರದ ಮುಂದೆ ಎಷ್ಟು ಸೆಕೆಂಡ್ ನಿಲ್ಲುತ್ತಾರೆ ಅಂತ ಗೊತ್ತಾಗುತ್ತದೆ. ಅದೂ ಪಾಠವೇ. ತರಗತಿ ಮಾತ್ರ ಬಿಡಬಾರದು. ಬುದ್ಧನ ಪಕ್ಕದಲ್ಲಿ ಅವಳ ಕ್ಲಾಸ್‌ವರ್ಕಿನ ಎರಡು ಚಿತ್ರವನ್ನೂ ಇಡಲು ಹೇಳಿ. ಯಾವುದು ಹೋಯಿತು ಅಂತ ನನಗೂ ಬರೆಯಿರಿ, ಕುತೂಹಲ ಇದೆ.

ಸರ್ಕಾರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನಾನು. ಕೆಲವು ಮಕ್ಕಳು ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ. ಬಣ್ಣ, ಚಾರ್ಕೋಲ್ ಕೊಳ್ಳುವ ಶಕ್ತಿ ಮನೆಯಲ್ಲಿಲ್ಲ. ಏನು ಮಾಡಿಸಲಿ?
– ಕೊಪ್ಪಳ ಜಿಲ್ಲೆ

ಪರೀಕ್ಷೆಗೆ ಬೇಕಾದ ಒಂದು ಬಣ್ಣದ ಪೆಟ್ಟಿಗೆಯನ್ನು ನಾಲ್ಕು ಮಕ್ಕಳು ಹಂಚಿಕೊಳ್ಳಲಿ. ಅಭ್ಯಾಸಕ್ಕೆ ಬೇಕಾದ್ದನ್ನು ಅವರ ಕೈಯಲ್ಲೇ ಮಾಡಿಸಿ, ಅದನ್ನೇ ಪ್ರಾಜೆಕ್ಟ್ ಮಾಡಿಬಿಡಿ.

ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಚಿತ್ತಾರ ಬರೆಯುತ್ತಾರೆ. ಅಂಗಡಿಗೆ ಹೋಗುವ ಪ್ರಮೇಯವೇ ಇಲ್ಲ. ನಿಮ್ಮಲ್ಲಿ ಕೆಮ್ಮಣ್ಣೂ ಇದೆ, ಎರೆಮಣ್ಣೂ ಇದೆ. ಮಣ್ಣನ್ನು ನೀರಿನಲ್ಲಿ ಕದಡಿ, ಪಂಚೆಯಲ್ಲಿ ಸೋಸಿ, ರಾತ್ರಿಯಿಡೀ ತಳ ಕಟ್ಟಲು ಬಿಡಿ. ಮೇಲಿನ ನೀರು ಚೆಲ್ಲಿ, ತಳದ ನುಣ್ಣನೆಯ ಮಣ್ಣನ್ನು ಒಣಗಿಸಿ, ಜಾಲಿ ಮರದ ಅಂಟು ನೆನೆಸಿದ ನೀರಿನಲ್ಲಿ ಅರೆದರೆ ಬಣ್ಣ ಸಿದ್ಧ. ಒಣಗಿದ ಮೇಲೆ ಬೆರಳಿಗೆ ಹತ್ತಿದರೆ ಅಂಟು ಸಾಲದು, ಬಿರುಕು ಬಿಟ್ಟರೆ ಜಾಸ್ತಿಯಾಗಿದೆ.

ಚಾರ್ಕೋಲಿಗೆ ಹುಣಸೆ ಕಡ್ಡಿ. ನಿಮ್ಮ ಕಿನ್ನಾಳದ ಗೊಂಬೆ ಮಾಡುವವರಿಗೆ ಹುಣಸೆ ಬೀಜದ ಅಂಟು ಹೇಗೋ, ಹಳೆಯ ಚಿತ್ರಗಾರರಿಗೆ ಹುಣಸೆ ಕಡ್ಡಿಯ ಇದ್ದಿಲು ಹಾಗೆ. ಪೆನ್ಸಿಲ್ ದಪ್ಪದ ಒಣ ಕಡ್ಡಿಗಳ ಸಿಪ್ಪೆ ತೆಗೆದು, ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿ. ಮುಚ್ಚಳ ಬಿಗಿಯಾಗಿ ಹಾಕಿ, ಅದಕ್ಕೆ ಮೊಳೆಯಲ್ಲಿ ಒಂದೇ ಒಂದು ತೂತು ಮಾಡಿ. ಬಿಸಿಯೂಟದ ಒಲೆ ಸೌದೆಯದ್ದಾಗಿದ್ದರೆ ಅದರ ಕೆಂಡದಲ್ಲಿ ಹೂತಿಡಿ, ಇಲ್ಲದಿದ್ದರೆ ಅಂಗಳದಲ್ಲಿ ಮೂರು ಕಲ್ಲು ಸಾಕು. ತೂತಿನಿಂದ ಮೊದಲು ಬಿಳಿ ಹೊಗೆ ಬರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಇಕ್ಕಳದಲ್ಲಿ ಹೊರಗೆ ತೆಗೆದು, ತೂತಿಗೆ ಹಸಿ ಮಣ್ಣು ಮೆತ್ತಿ ಹಾಗೇ ಬಿಡಿ. ಮಕ್ಕಳು ಈಗಲೇ ತೆಗೆಯೋಣ ಸರ್ ಅಂತ ಕುಣಿಯುತ್ತಾರೆ. ತೆಗೆಯಬೇಡಿ. ಬಿಸಿ ಇರುವಾಗ ಗಾಳಿ ಸೋಕಿದರೆ ಕಡ್ಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ನಾನು ಆತುರಪಟ್ಟು ಎರಡು ಸಲ ತೆಗೆದಿದ್ದೇನೆ, ಎರಡು ಸಲವೂ ಬೂದಿಯೇ ಸಿಕ್ಕಿತು.