‘ಕ್ಲೀನಿಂಗ್ ಮಾಡಿಸಿದ್ದಕ್ಕೇ ಹಲ್ಲು ಸಡಿಲವಾಯ್ತು ಡಾಕ್ಟ್ರೇ’

ಪ್ರಶ್ನೆ: ನನಗೆ 46 ವರ್ಷ. ಬ್ರಷ್ ಮಾಡುವಾಗ ರಕ್ತ ಬರುತ್ತಿತ್ತೆಂದು ಆರು ವಾರದ ಹಿಂದೆ ಹಲ್ಲು ಕ್ಲೀನಿಂಗ್ ಮಾಡಿಸಿದೆ. ಆಮೇಲೆ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಸಂದು ಬಿದ್ದಿದೆ, ತಣ್ಣೀರು ತಾಗಿದರೆ ಜುಂ ಎನ್ನುತ್ತದೆ, ಹಲ್ಲು ಅಲುಗಾಡಿದಂತಿದೆ. ‘ಗಟ್ಟಿಯಿದ್ದ ಹಲ್ಲನ್ನು ದುಡ್ಡು ಕೊಟ್ಟು ಹಾಳು ಮಾಡಿಕೊಂಡೆ’ ಎಂದು ಮನೆಯಲ್ಲಿ ಬೈಯುತ್ತಾರೆ. ಇನ್ನೊಮ್ಮೆ ಬರಲು ಹೇಳಿದ್ದಾರೆ. ಹೋಗಲೋ ಬೇಡವೋ? — ಓದುಗರು, ತಿಪಟೂರು

ಉತ್ತರ: ಹೋಗಿ. ಈ ವಾರವೇ ಹೋಗಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದೆಲೆಯವರು ಕೇಳುತ್ತಾರೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಹಲ್ಲಿನ ಮೇಲೆ ದಿನವೂ ಕೂರುವ ಪಾಚಿ ಮೆತ್ತಗಿರುವಾಗ ಬ್ರಷ್‌ಗೆ ಬರುತ್ತದೆ. ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಕಲ್ಲಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳ ನೋಡಿದ್ದೀರಲ್ಲ, ಹಾಗೆ. ನಾಲಿಗೆಯಡಿ ಜೊಲ್ಲಿನ ನಾಳ ತೆರೆದುಕೊಳ್ಳುವುದು ಕೆಳಗಿನ ಮುಂದಿನ ಹಲ್ಲುಗಳ ಹಿಂದೆಯೇ. ಆದ್ದರಿಂದ ಕಿಟ್ಟ ಹೆಚ್ಚು ಕಟ್ಟುವುದೂ ಅಲ್ಲೇ. ಆ ಒರಟು ಕಿಟ್ಟದ ಮೇಲೆ ಮತ್ತಷ್ಟು ಪಾಚಿ, ಅದರಿಂದ ವಸಡಿಗೆ ಊತ, ರಕ್ತ. ವರ್ಷಗಟ್ಟಲೆ ಹೀಗೇ ನಡೆದರೆ ಹಲ್ಲಿಗೆ ಅಂಟಿಕೊಂಡಿದ್ದ ವಸಡು ಬಿಟ್ಟುಕೊಂಡು ಚೀಲದಂತಾಗುತ್ತದೆ, ಒಳಗೆ ಬೇರು ಹಿಡಿದಿದ್ದ ಮೂಳೆ ಕರಗುತ್ತಾ ಹೋಗುತ್ತದೆ. ನೋವು ಮಾತ್ರ ಇಲ್ಲ. ನಮ್ಮ ಜನ ಹಲ್ಲಿನ ಡಾಕ್ಟರ ಬಳಿ ಬರುವುದು ನೋವು ಬಂದಾಗ.

ಅಷ್ಟರಲ್ಲಿ ಹಲ್ಲುಗಳು ನಿಂತಿರುವುದು ಮೂಳೆಯ ಬಲದಿಂದಲ್ಲ, ಸಂದಿನಲ್ಲಿ ಕಟ್ಟಿಕೊಂಡ ಕಿಟ್ಟದ ಗಾರೆಯಿಂದ. ಅದನ್ನು ತೆಗೆದ ದಿನ ಹಲ್ಲಿನ ನಿಜಸ್ಥಿತಿ ನಿಮಗೆ ಗೊತ್ತಾಯಿತು, ಅಷ್ಟೇ. ಊದಿದ್ದ ವಸಡು ಇಳಿದದ್ದರಿಂದ ಸಂದು ಕಂಡಿತು. ಕಿಟ್ಟದಡಿ ಮುಚ್ಚಿದ್ದ ಬೇರು ಬಯಲಾಗಿ ಜುಂ ಎನ್ನುತ್ತಿದೆ. ಸೆನ್ಸಿಟಿವಿಟಿ ಪೇಸ್ಟ್ ಬಳಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಊತ ಪೂರ್ತಿ ಇಳಿದ ಮೇಲೆ ಅಲುಗಾಟವೂ ಎಷ್ಟೋ ಜನರಲ್ಲಿ ಕಡಿಮೆಯಾಗುವುದುಂಟು. ಮಷೀನು ಹಲ್ಲನ್ನು ಕೆರೆದು ತೆಳ್ಳಗೆ ಮಾಡುತ್ತದೆ ಎಂಬುದೂ ಸುಳ್ಳು. ಅದರ ತುದಿ ಸೆಕೆಂಡಿಗೆ ಸಾವಿರಾರು ಬಾರಿ ನಡುಗಿ ಕಿಟ್ಟವನ್ನು ಒಡೆಯುತ್ತದೆ, ನೀರು ಅದನ್ನು ತೊಳೆದು ತೆಗೆಯುತ್ತದೆ. ಕಿವಿಗೆ ಕೇಳುವ ಕಿರ್ರ್ ಸದ್ದೇ ಜನರನ್ನು ಹೆದರಿಸುವುದು.

ತಪ್ಪು ನಮ್ಮವರದ್ದೂ ಇದೆ. ಇಷ್ಟನ್ನು ಕುರ್ಚಿಯಲ್ಲಿ ಕೂರಿಸುವ ಮೊದಲೇ ಹೇಳಬೇಕಿತ್ತು. ನಾನಂತೂ ಮೊದಲು ಕನ್ನಡಿ ಹಿಡಿದು ತೋರಿಸುತ್ತೇನೆ, ಆಮೇಲೆ ಮಷೀನು ಮುಟ್ಟುತ್ತೇನೆ.

ಇನ್ನೊಂದು. ನಿಮ್ಮ ಪತ್ರದಲ್ಲಿ ಎಲ್ಲಿಯೂ ವಸಡನ್ನು ‘ಅಳತೆ’ ಮಾಡಿದ ಮಾತಿಲ್ಲ. ಗೆರೆಯಿರುವ ತೆಳ್ಳನೆ ಕಡ್ಡಿಯಿಂದ ಒಂದೊಂದು ಹಲ್ಲಿಗೂ ಆರು ಕಡೆ ಅಳೆಯಬೇಕು. 3 ಮಿಲಿಮೀಟರ್‌ವರೆಗೆ ಸರಿ. 4, 5 ಇದ್ದು ರಕ್ತವೂ ಬಂದರೆ ವಸಡಿನ ಕೆಳಗೆ ಇಳಿದು ಬೇರನ್ನು ಸ್ವಚ್ಛ ಮಾಡಬೇಕು. ಮರಗಟ್ಟಿಸಿಯೇ ಮಾಡುವ ಕೆಲಸ ಅದು. ಅದಾದ ಮೇಲೂ 6 ದಾಟಿದ ಚೀಲ ಉಳಿದರೆ ವಸಡು ಬಿಡಿಸಿ ಆಪರೇಷನ್ ಮಾಡಬೇಕಾಗಬಹುದು. ನಿಮ್ಮನ್ನು ಮತ್ತೆ ಕರೆದಿರುವುದು ಇದಕ್ಕೇ ಇರಬೇಕು. ಹೋದಾಗ ಅಳತೆ ಎಷ್ಟು ಬಂತು, ಎಕ್ಸ್‌ರೇಯಲ್ಲಿ ಮೂಳೆ ಎಷ್ಟಿದೆ ಎಂದು ಬಾಯಿಬಿಟ್ಟು ಕೇಳಿ. ಅಳೆಯದೆ ‘ಎಲ್ಲಾ ಸರಿಯಿದೆ’ ಎಂದರೆ ಬೇರೆಯವರನ್ನು ನೋಡಿ.

ಹೋಗುವ ಮುನ್ನ ಶುಗರ್ ಪರೀಕ್ಷೆ ಮಾಡಿಸಿ, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ. ಈ ವಿಷಯದಲ್ಲಿ ನನ್ನದು ಅತಿ ಎಂದು ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಸಕ್ಕರೆ ಕಾಯಿಲೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ. ತನಗೆ ಸಕ್ಕರೆ ಕಾಯಿಲೆ ಇದೆಯೆಂದು ನನ್ನ ಕುರ್ಚಿಯಲ್ಲಿ ಕೂತಾಗಲೇ ಮೊದಲು ತಿಳಿದವರು ಒಬ್ಬಿಬ್ಬರಲ್ಲ.

ರಕ್ತ ಬರುತ್ತದೆಂದು ಬ್ರಷ್ ಮಾತ್ರ ನಿಲ್ಲಿಸಬೇಡಿ. 1965ರಲ್ಲಿ ವಸಡಿನ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿತು. ಉಜ್ಜಲು ಶುರು ಮಾಡಿದ ಮೇಲೆ ತಾನಾಗಿ ಸರಿಹೋಯಿತು. ಊತ ಹೀಗೆ ಹಿಂದೆ ಸರಿಯುತ್ತದೆ, ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ. ನಿಮ್ಮದು ಮೂಳೆ ಕರಗಿದ ಈ ಎರಡನೆಯ ಹಂತ ಎಂದು ನನ್ನ ಊಹೆ. ಹಾಗಿದ್ದರೆ ಆರು ತಿಂಗಳಿಗೊಮ್ಮೆ ಸಾಲದು, ಮೂರು ತಿಂಗಳಿಗೊಮ್ಮೆ ತೋರಿಸಿ. ಮೆತ್ತನೆ ಬ್ರಷ್‌ನ ಎಳೆಗಳನ್ನು ವಸಡಿನ ಅಂಚಿಗೆ ಓರೆಯಾಗಿ ತಾಗಿಸಿ ಸಣ್ಣಗೆ ಅಲ್ಲಾಡಿಸಿ. ಈಗ ಸಂದು ಬಿದ್ದಿದೆಯಲ್ಲ, ಅದಕ್ಕೆ ಬಾಟಲಿ ತೊಳೆಯುವ ಬ್ರಷ್‌ನ ಮರಿಯಂತಿರುವ ಸಂದಿನ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ರಾತ್ರಿ ಮಲಗುವ ಮುನ್ನ ಅದು ತಪ್ಪಬಾರದು.

ಪ್ರಶ್ನೆ: ಉಪ್ಪು, ಇದ್ದಿಲು, ಇಟ್ಟಿಗೆ ಪುಡಿ ಸೇರಿಸಿ ಉಜ್ಜಿದರೆ ವಸಡು ಗಟ್ಟಿಯಾಗುತ್ತದೆಯೇ?

ಉತ್ತರ: ಪಾತ್ರೆ ಚೆನ್ನಾಗಿ ಬೆಳಗುತ್ತದೆ. ಹಲ್ಲು ಸವೆಯುತ್ತದೆ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಸಿಗರೇಟು ಸೇದುತ್ತೇನೆ, ಒಂದು ಹನಿ ರಕ್ತ ಬಂದಿಲ್ಲ. ನನ್ನ ವಸಡು ಗಟ್ಟಿ ತಾನೇ?

ಉತ್ತರ: ಅಲ್ಲ. ಹೊಗೆ ರಕ್ತ ಬರುವುದನ್ನು ಮರೆಮಾಚುತ್ತದೆ, ಒಳಗೆ ಮೂಳೆ ಇನ್ನೂ ಬೇಗ ಕರಗುತ್ತದೆ. ನೀವೇ ಮೊದಲು ಬರಬೇಕಾದವರು.

ಪ್ರಶ್ನೆ: ಸಂತೆಯಲ್ಲಿ ಒಬ್ಬರು ಹೊಗೆ ಹಾಕಿ ಅಮ್ಮನ ಹಲ್ಲಿನಿಂದ ಹುಳ ತೆಗೆದರು. ನನಗೂ ತೆಗೆಸಬಹುದೇ?

ಉತ್ತರ: ಹಲ್ಲಿನಲ್ಲಿ ಅಂಥ ಹುಳ ಇರುವುದಿಲ್ಲ. ಅದು ಕೈಚಳಕ. ಅಮ್ಮನನ್ನು ಕರೆದುಕೊಂಡು ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಒಂದು ವರ್ಷದಿಂದ ಬಳಸುತ್ತಿದ್ದೇನೆ. ಹಲ್ಲು ಕಂದಾಗಿದೆ, ಏಕೆ?

ಉತ್ತರ: ಅದಕ್ಕೇ. ಬರೆದುಕೊಟ್ಟದ್ದು ಎರಡು ವಾರಕ್ಕೆ ಇರಬೇಕು, ಚೀಟಿ ನೋಡಿ.

ಪ್ರಶ್ನೆ: ತಂದೆಯವರಿಗೆ 68. ಚೆನ್ನಾಗಿ ಉಜ್ಜಿದರೂ ವಸಡು ದಪ್ಪಗೆ ಬೆಳೆದು ಹಲ್ಲನ್ನೇ ಮುಚ್ಚುತ್ತಿದೆ. ಬಿಪಿ ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಕ್ಯಾನ್ಸರ್ ಇರಬಹುದೇ?

ಉತ್ತರ: ನೋಡದೆ ಏನನ್ನೂ ತಳ್ಳಿಹಾಕಲಾರೆ, ತೋರಿಸಿ. ಆದರೆ ಮೊದಲು ಬಿಪಿ ಮಾತ್ರೆಯ ಹೆಸರು ನೋಡಿ. ಅಮ್ಲೋಡಿಪಿನ್, ನಿಫೆಡಿಪಿನ್ ಕೆಲವರಲ್ಲಿ ಹೀಗೆ ವಸಡು ಬೆಳೆಸುತ್ತವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಬದಲಿಸುವುದೋ ಬೇಡವೋ ಎಂಬುದನ್ನು ಬಿಪಿ ನೋಡುವ ಡಾಕ್ಟರು ತೀರ್ಮಾನಿಸಲಿ. ನಮ್ಮಲ್ಲಿಗೆ ಬರುವಾಗ ಮಾತ್ರೆಯ ಚೀಟಿ ಮರೆಯದೆ ತನ್ನಿ, ‘ಒಂದು ಚಿಕ್ಕ ಬಿಳಿ ಮಾತ್ರೆ’ ಎಂದರೆ ನನಗೆ ಗೊತ್ತಾಗುವುದಿಲ್ಲ.