ವಿಜಯಪುರದ ಶಾಕಾಹಾರಿ ಮನೆಯಲ್ಲಿ ಮೊದಲ ಸಲ ಟೋಫು: ಸಪ್ಪೆ ಆಗದಂತೆ ಮಾಡುವುದು ಹೇಗೆ?

ಟೋಫು ಅಂದರೆ ಸೋಯಾ ಹಾಲು ಒಡೆಸಿ ಒತ್ತಿದ ಗಡ್ಡೆ. ಸಪ್ಪೆ ಅನ್ನಿಸುವುದು ಒಳಗಿನ ನೀರಿನಿಂದ. ಅದು ಇರುವವರೆಗೆ ಮಸಾಲೆ ಹಿಡಿಯುವುದಿಲ್ಲ. 200 ಗ್ರಾಂ ಗಟ್ಟಿ ಟೋಫು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಹೇರಿ 20 ನಿಮಿಷ ಬಿಡಿ. ತುಂಡು ಮಾಡಿ, ಕಾದ ಹಂಚಿನ ಮೇಲೆ ಎಣ್ಣೆ ಹಾಕಿ ಕೆಂಪಗೆ ಹುರಿಯಿರಿ. ಅಂಟಿಕೊಂಡರೆ ಕೆದಕಬೇಡಿ, ಒಡೆದು ಪುಡಿಯಾಗುತ್ತದೆ. ಕೆಂಪಾದ ಮೇಲೆ ತಾನೇ ಬಿಡುತ್ತದೆ.

ಮುಂದೆ ಬದನೆಕಾಯಿ ಎಣ್ಣೆಗಾಯಿಯ ಮಸಾಲೆಯೇ ಸಾಕು: ಶೇಂಗಾ ಪುಡಿ 3 ಚಮಚ, ಗುರೆಳ್ಳು (ಹುಚ್ಚೆಳ್ಳು) ಪುಡಿ 1 ಚಮಚ, ಹುಣಸೆ ರಸ, ಬೆಲ್ಲ, ಮಸಾಲೆ ಖಾರ, ಉಪ್ಪು. ಹುರಿದ ತುಂಡುಗಳನ್ನು ಇದರಲ್ಲಿ ಹಾಕಿ, ಐದು ನಿಮಿಷ ಕುದಿಸಿ ರೊಟ್ಟಿ ಜೊತೆ ಬಡಿಸಿ. ಆದರೆ ಹಿರಿಯರಿಗೆ ಪನೀರ್ ಅಂತ ಹೇಳಿ ಬಡಿಸಬೇಡಿ, ಹಾಲಿನ ರುಚಿ ಸಿಗದೆ ಎರಡನೇ ತುತ್ತಿಗೇ ತಟ್ಟೆ ಸರಿಸುತ್ತಾರೆ.